ನಾನು ಕೀಳಿಸಿದ ನವಣೆ

ಬೆರಕೆ ಗಿಡ ಕೀಳುವುದಕ್ಕೆ ಒಂದು ಕ್ರಮವಿದೆ. ಹೂವಿಗೆ ಮೊದಲು ಒಂದು ಸಲ, ತೆನೆ ಹೊರಬಂದಾಗ ಒಂದು ಸಲ, ಕೊಯ್ಲಿಗೆ ಮುಂಚೆ ಇನ್ನೊಂದು ಸಲ ಸಾಲು ಹಿಡಿದು ನಡೆಯಬೇಕು. ಎತ್ತರ, ಕಾಂಡದ ಬಣ್ಣ, ತೆನೆಯ ಮೇಲಿನ ಕೂದಲು ನೋಡಬೇಕು. ಯಾವ ಗಿಡ ಉಳಿದವುಗಳಂತಿಲ್ಲವೋ ಅದನ್ನು ಬುಡಸಮೇತ ಕಿತ್ತು ಹೊಲದ ಆಚೆ ಹಾಕಬೇಕು. ಇದನ್ನು ನಾನು ಕಲಿತದ್ದು ಕೃಷಿ ಡಿಪ್ಲೊಮಾ ಓದುವಾಗ. ಕಲಿಸಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಕೆಂಪು ಮಸಾರಿ ಹೊಲದಲ್ಲಿ, ಹುಟ್ಟಿದಾಗಿನಿಂದ ನವಣೆ ಬೆಳೆಯುತ್ತ ಬಂದಿದ್ದ ಒಬ್ಬ ಅಜ್ಜಿಗೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿ ಆಗ ಒಕ್ಕಾಲು ಮಾತ್ರ ಇತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೆಂಗಸರು ಸೇರಿ ನಡೆಸುವ ಒಂದು ಬೀಜ ಸಂಘಕ್ಕೆ ನಾನು ಕಾರ್ಯಕರ್ತೆ. ತಮ್ಮ ಬೀಜ, ತಮ್ಮ ಅನ್ನ ತಮ್ಮ ಕೈಯಲ್ಲೇ ಇರಬೇಕೆಂದು ಹಲವು ದೇಶಗಳ ಮೂಲನಿವಾಸಿಗಳು ಕಟ್ಟಿಕೊಂಡ ಒಕ್ಕೂಟವೊಂದಿದೆ. ನಮ್ಮ ಸಂಘ ಅದರ ಜೊತೆ ಆಗಷ್ಟೇ ನಂಟು ಬೆಳೆಸಿತ್ತು. ಅಜ್ಜಿಯ ನವಣೆಯನ್ನು ಅವಳದೇ ತಳಿಯೆಂದು ಸರ್ಕಾರದಲ್ಲಿ ನೋಂದಾಯಿಸಿದರೆ ನಾಳೆ ಯಾವ ಕಂಪನಿಯೂ ಅದು ತನ್ನದೆನ್ನಲಾರದು, ಒಕ್ಕೂಟದ ಮುಂದೆಯೂ ತಲೆಯೆತ್ತಿ ತೋರಿಸಬಹುದು ಎಂದು ನನಗೆ ಭಾರಿ ಹುಮ್ಮಸ್ಸು. ಅರ್ಜಿಯನ್ನು ಓದಿ ನಾನು ಅರ್ಥಮಾಡಿಕೊಂಡದ್ದು ಒಂದೇ: ಹೊಲದ ಗಿಡಗಳೆಲ್ಲ ಒಂದೇ ಥರ ಇರಬೇಕು.

ಅಜ್ಜಿಯ ಹೊಲದಲ್ಲಿ ಹಾಗಿರಲಿಲ್ಲ. ಬಹಳಷ್ಟು ಹಳದಿ ತೆನೆಯ ನವಣೆಯೇ. ನಡುನಡುವೆ ಕಪ್ಪು ಕೂದಲಿನ ತೆನೆಯದೊಂದು, ಕೆಂಪು ಕಾಂಡದ್ದೊಂದು, ಮೊಣಕಾಲೆತ್ತರದ ಗಿಡ್ಡದ್ದೊಂದು. ಇನ್ನೊಂದು ಎಲ್ಲಕ್ಕಿಂತ ಸುಮಾರು ಇಪ್ಪತ್ತು ದಿನ ತಡವಾಗಿ ತೆನೆ ಬಿಡುತ್ತಿತ್ತು, ಉಳಿದವು ಕೊಯ್ಲಿಗೆ ಬಂದಾಗಲೂ ಹಸಿರಾಗಿ ನಿಂತಿರುತ್ತಿತ್ತು. ಇವನ್ನೆಲ್ಲ ಅಜ್ಜಿ ‘ಸಂಗಡದವು’ ಅನ್ನುತ್ತಿದ್ದಳು. ಕುಡುಗೋಲು ಹಾಕುವ ಮೊದಲು ಅವಳೊಬ್ಬಳೇ ಸೆರಗಿನಲ್ಲಿ ಉಡಿ ಕಟ್ಟಿಕೊಂಡು ಹೊಲದೊಳಗೆ ಹೋಗಿ, ಬೀಜಕ್ಕೆಂದು ಉಡಿತುಂಬ ಹಳದಿ ತೆನೆ ಆರಿಸಿ, ಮೇಲೆ ಒಂದೊಂದು ಸಂಗಡದ್ದರಲ್ಲೂ ಒಂದು ಹಿಡಿ ಸೇರಿಸಿಕೊಂಡು ಬರುತ್ತಿದ್ದಳು. ತಡದ್ದು ಮಾಗುವವರೆಗೆ ಬೀಜದ ಗಡಿಗೆಯ ಬಾಯಿ ಕಟ್ಟುತ್ತಿರಲಿಲ್ಲ. ಇದನ್ನು ನಾನು ಹಿಂದಿನ ವರ್ಷದ ಕೊಯ್ಲಿನಲ್ಲಿ ಕಣ್ಣಾರೆ ಕಂಡಿದ್ದೆ. ಯಾಕೆ ಎಂದು ಮಾತ್ರ ಕೇಳಿರಲಿಲ್ಲ.

“ಸಂಗಡದವನ್ನ ಕಿತ್ತರ ಅದು ಒಂಟಿ ಆಗ್ತೈತಲ್ಲವ್ವ,” ಎಂದಳು ಅಜ್ಜಿ, ಮೊದಲ ಸಲ ಹೊಲಕ್ಕೆ ಇಳಿದ ದಿನ.

“ಅಜ್ಜಿ, ಬೆರಕೆ ಇದ್ರೆ ನಿಮ್ದು ಅಂತ ಸರ್ಕಾರದೋರು ಬರ್ಕೊಡಲ್ಲ. ಒಂದ್ಸಲ ಶುದ್ಧ ಮಾಡಿಬಿಟ್ರೆ ಆತು, ಕೊನೇತನಕ ನಿಮ್ದೇ.”

“ನೀ ಓದಿದಾಕಿ. ನಂಗೇನ್ ಗೊತ್ತೈತಿ,” ಎಂದು ಅವಳೇ ಬಗ್ಗಿ ಒಂದು ಕೆಂಪು ಕಾಂಡದ್ದನ್ನು ಕಿತ್ತಳು.

ಮೂರನೆಯ ಸುತ್ತಿನಲ್ಲಿ ತಡದ್ದರ ಪಕ್ಕ ನಿಂತು, ಅದರ ಎಲೆ ಹಿಡಿದುಕೊಂಡು, “ಇದನ್ನೂ?” ಎಂದು ಕೇಳಿದಳು. “ಇದನ್ನೇ ಮೊದಲು ಕೀಳ್ಬೇಕಿತ್ತು,” ಎಂದೆ. ಆ ಮಾತು ಈಗ ನೆನಪಾದರೆ ನನ್ನ ಬಾಯಿಯ ಮೇಲೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅಜ್ಜಿಯಿಂದ ಬೀಜ ಪಡೆದು ಬೆಳೆಯುತ್ತಿದ್ದವರು ಇನ್ನೂ ಹತ್ತು ಜನ ಇದ್ದರು. ಮರುವರ್ಷ ಹನ್ನೊಂದೂ ಮನೆಗೆ ಶುದ್ಧ ಬೀಜ ಹಂಚಿದೆ. ಹಳೆಯದು ಉಳಿದರೆ ಮತ್ತೆ ಬೆರಕೆಯಾಗುತ್ತದೆಂದು ಮನೆಮನೆಗೆ ಹೋಗಿ ಬೀಜದ ಗಡಿಗೆ ಇಳಿಸಿ ನೋಡಿ, ಹಳೆಯದನ್ನೆಲ್ಲ ಅಡುಗೆಗೆ ಬಳಸಿ ಎಂದು ಹೇಳಿದೆ. ಅಜ್ಜಿ ತನ್ನ ಗಡಿಗೆಯಲ್ಲಿ ಉಳಿದಿದ್ದನ್ನು ಮರಿಮಗನ ಜವಳದ ದಿನ ಕುಟ್ಟಿಸಿ ಊರವರಿಗೆ ನವಣೆ ಅನ್ನ ಮಾಡಿಸಿದಳು. ಬದನೆಕಾಯಿ ಪಲ್ಯದ ಜೊತೆ ನಾನೂ ಎರಡು ಸಲ ಹಾಕಿಸಿಕೊಂಡು ಉಂಡೆ. ಆ ವರ್ಷದ ಬೆಳೆ ಹಣಿಗೆಯಿಂದ ಬಾಚಿದಂತೆ ಸಮವಾಗಿ ಬಂತು. ಅಜ್ಜಿಯ ಹೆಸರಿನಲ್ಲಿ ಅರ್ಜಿ ಹಾಕಿ, ಫೋಟೊ ತೆಗೆದು ಒಕ್ಕೂಟಕ್ಕೂ ಕಳಿಸಿದೆ.

ಮೂರನೆಯ ವರ್ಷ ಹನ್ನೊಂದೂ ಹೊಲಗಳು ಒಂದೇ ವಾರದಲ್ಲಿ ಹೂವಿಗೆ ಬಂದವು. ಅದೇ ವಾರ ಹುಬ್ಬಿ ನಕ್ಷತ್ರದ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಹಗಲೂ ರಾತ್ರಿ ಜಿಟಿಜಿಟಿ, ಎಂಟು ದಿನ ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಮಳೆಯನ್ನು ಬೈಯುವವರಿಲ್ಲ. ಜನ ಖುಷಿಯಾಗಿಯೇ ಇದ್ದರು, ಕೆರೆಗೆ ನೀರು ಬಂತು, ಕುರಿಗೆ ಮೇವಾಯಿತು. ಆದರೆ ಹೂವಿನ ಮೇಲೆ ನೀರು ನಿಂತು ಕಾಳು ಕಟ್ಟಲಿಲ್ಲ. ತೆನೆಗಳು ಬಾಗಲೇ ಇಲ್ಲ, ನೆಟ್ಟಗೆ ನಿಂತವು. ಅಂಗೈಯಲ್ಲಿ ಉಜ್ಜಿ ಊದಿದರೆ ಅಂಗೈ ಖಾಲಿ. ಒಂದು ಹೊಲವಾದ ಮೇಲೆ ಇನ್ನೊಂದು, ಹನ್ನೊಂದರಲ್ಲೂ ಹಾಗೇ ಉಜ್ಜಿ, ಊದಿ ನೋಡಿದೆ. ಹನ್ನೊಂದನೆಯ ಹೊಲದ ಬದುವಿನ ಮೇಲೆ ಕೂತು ಅತ್ತೆ.

ಹಿಂದೆಯೂ ಇಂಥ ಮಳೆ ಬಂದಿದ್ದಿರಬೇಕು. ಆಗೆಲ್ಲ ಹಳದಿಯದು ಹೋದರೂ ಬೇಗ ಹೂ ಬಿಡುವ ಗಿಡ್ಡದ್ದು ಅಷ್ಟರೊಳಗೆ ಕಾಳು ಕಟ್ಟಿರುತ್ತಿತ್ತು, ತಡದ್ದಕ್ಕೆ ಇನ್ನೂ ಹೂವೇ ಬಂದಿರುತ್ತಿರಲಿಲ್ಲ. ಉಣ್ಣಲು ಸ್ವಲ್ಪ, ಬೀಜಕ್ಕೆ ಸ್ವಲ್ಪ ಸಿಗುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಂಘದ ಡಬ್ಬಿಯಲ್ಲಿ ನನ್ನ ಶುದ್ಧ ಬೀಜವೇನೋ ಇತ್ತು. ಅದು ಯಾರಿಗೂ ಬೇಕಿರಲಿಲ್ಲ.

ಸಂಘದ ಸಭೆಯಲ್ಲಿ ಹೆಂಗಸರು ನೇರವಾಗಿಯೇ ಹೇಳಿದರು. “ಸಂಗಡದವು ಇದ್ರ ಬಿತ್ತತೀವಿ. ಇಲ್ಲಾಂದ್ರ ಮುಂಗಾರಿಗೆ ಮೆಕ್ಕೆಜೋಳ ಹಾಕತೀವಿ ನೋಡವ್ವ. ಮೆಕ್ಕೆಜೋಳ ಉಣ್ಣಾಕ ಬರಲ್ಲ, ಆದ್ರ ಬರ್ತೈತಿ.” ಅಜ್ಜಿ ಆ ಸಭೆಗೆ ಬಂದಿರಲಿಲ್ಲ. ಮನೆಗೆ ಹೋದರೆ ನೀರು ಕೊಟ್ಟಳು, ಚಹಾ ಕೊಟ್ಟಳು, ನವಣೆಯ ಮಾತೆತ್ತಲಿಲ್ಲ. ಮದುವೆಯಾಗಿ ಬರುವಾಗ ಅವಳ ಅವ್ವ ಉಡಿಗೆ ಹಾಕಿ ಕಳಿಸಿದ ಬೀಜ ಅದು. ಅವಳು ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಇಂಥ ಹೊತ್ತಿನಲ್ಲಿ ಒಕ್ಕೂಟದ ಅತಿಥಿಗಳು ಬಂದರು. ನನ್ನ ಫೋಟೊ ನೋಡಿ, ಆ ಹೊಲ ನೋಡಬೇಕೆಂದು ಬಂದವರು! ಅವರಲ್ಲಿ ಒಬ್ಬಾಕೆ ಸಮುದ್ರದಾಚೆಯ ಬೆಟ್ಟದ ನಾಡಿನವಳು, ಆಲೂಗಡ್ಡೆಯ ಬೀಜ ಕಾಯುವವಳು. ತಲೆಗೆ ಟೋಪಿ, ಬೆನ್ನಿಗೆ ಬಣ್ಣದ ಬಟ್ಟೆಯ ಗಂಟು. ಆಕೆಯ ಮಾತನ್ನು ದುಭಾಷಿ ಇಂಗ್ಲಿಷಿಗೆ ತರುತ್ತಿದ್ದ, ನಾನು ಕನ್ನಡಕ್ಕೆ ತರುತ್ತಿದ್ದೆ. ಕೂಳೆ ನಿಂತ ಹೊಲದಲ್ಲಿ ಆಕೆ ಒಂದು ಜೊಳ್ಳು ತೆನೆ ಎತ್ತಿ ಉಜ್ಜಿ ನೋಡಿ, “ಇಲ್ಲಿ ಇದೊಂದೇ ಇತ್ತೇ?” ಎಂದು ಕೇಳಿದಳು. ತಮ್ಮಲ್ಲಿ ಒಂದು ಹೊಲಕ್ಕೆ ಒಂದೇ ಬಗೆಯ ಗಡ್ಡೆ ಹಾಕುವುದಿಲ್ಲ, ಕಹಿಯದು, ಕಪ್ಪನೆಯದು, ಡೊಂಕನೆಯದು ಎಲ್ಲ ಸೇರಿಸಿ ಹಾಕುತ್ತೇವೆ ಎಂದಳು. ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನೇ. ಎರಡು ಸಲ ತಡವರಿಸಿದೆ.

ಅಜ್ಜಿ ತಿಂಗಳುಗಳ ಮೇಲೆ ನಕ್ಕದ್ದು ಆಗಲೇ. “ಅಲ್ಲೂ ಹಂಗ ಏನ? ಹಂಗಾರ ಕಳಕೊಂಡಾಗ ಏನ್ ಮಾಡತೀರಿ ಅಂತ ಕೇಳವ್ವ.”

ಆಲಿಕಲ್ಲು ಬಿದ್ದು ಒಮ್ಮೆ ಎಲ್ಲವೂ ಹೋಗಿತ್ತಂತೆ. ಹಿಂದೆ ತಾವು ಬೀಜ ಕೊಟ್ಟಿದ್ದ ಊರುಗಳಿಗೆ ನಡೆದುಹೋಗಿ ಕೇಳಿ ತಂದರಂತೆ. “ನಿಮ್ಮದನ್ನು ಯಾರಿಗೆ ಕೊಟ್ಟಿದ್ದಿರಿ?” ಎಂದು ಆಕೆ ಕೇಳಿದಳು.

“ನನ್ನ ತಂಗಿಗೆ ಕೊಟ್ಟಿದ್ನಿ. ಹಿರೇಹಡಗಲ್ಯಾಗ,” ಎಂದಳು ಅಜ್ಜಿ.

ನಾಲ್ಕು ವರ್ಷ ಅವಳ ಮನೆಗೆ ಓಡಾಡಿದ ನಾನು ಈ ಪ್ರಶ್ನೆ ಕೇಳಿರಲೇ ಇಲ್ಲ.

ಮುಂಗಾರಿಗೆ ಎರಡು ತಿಂಗಳಿರುವಾಗ ನಾವಿಬ್ಬರೂ ಕೊಟ್ಟೂರಿನಲ್ಲಿ ಬಸ್ ಹತ್ತಿದೆವು. ಬೀಜ ಕೇಳಲು ಹೋಗುವವರು ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಎಳ್ಳು, ಹುರುಳಿ ಗಂಟು ಕಟ್ಟಿಕೊಂಡಿದ್ದಳು. ಹಿರೇಹಡಗಲಿಯಲ್ಲಿ ತಂಗಿ ತೀರಿಹೋಗಿ ವರ್ಷಗಳಾಗಿದ್ದವು. ತಂಗಿಯ ಸೊಸೆ ಗಡಿಗೆಗಳನ್ನೆಲ್ಲ ಇಳಿಸಿ ತೋರಿಸಿದಳು. ಒಂದರಲ್ಲಿ ಬೂದಿ ಇತ್ತು, ಬೀಜವಿರಲಿಲ್ಲ. “ನಮ್ಮತ್ತಿ ಮಗಳಿಗೆ ಕೊಟ್ಟಿದ್ಲ ನೋಡ್ರಿ, ಹೊಳಲಾಗ ಅದಾಳ,” ಎಂದಳು. ಹೊಳಲಿಗೆ ಹೋದೆವು. ಮಗಳು ದೊಡ್ಡಮ್ಮನನ್ನು ತಬ್ಬಿಕೊಂಡು ಅತ್ತಳು, ಊಟಕ್ಕೆ ಬಡಿಸಿದಳು. ಆಮೇಲೆ ಹೊಲಕ್ಕೆ ನೀರಾವರಿ ಬಂದು ಭತ್ತ ಹಾಕಿದ ಮೇಲೆ ನವಣೆ ಬಿಟ್ಟೆವೆಂದಳು. ಅಜ್ಜಿಯ ಕೈತುತ್ತು ತಟ್ಟೆಯಲ್ಲೇ ನಿಂತಿತು. ಅದನ್ನು ನೋಡಿಯೋ ಏನೋ, ಆಕೆಯೇ ನೆನಪಿಸಿಕೊಂಡಳು. ಕೊನೆಯ ಬೆಳೆಯ ತೆನೆಯ ಕಟ್ಟನ್ನು ಬಾಗಳಿ ಕಡೆಯ ಒಂದು ಊರಿನಲ್ಲಿರುವ ತಮ್ಮ ಮನೆದೇವರಿಗೆ ಮೀಸಲು ಕಟ್ಟಿ ಬಂದಿದ್ದಳಂತೆ.

“ದೊಡ್ಡವ್ವ, ಕಟ್ಟಿ ನಾಕು ವರ್ಷ ಆತು. ಮೀಸಲು ಬ್ಯಾರೆ. ಅವರು ಕೊಡಲ್ಲ ಬಿಡು.”

ಮೀಸಲು ಎಂದರೆ ಮೊದಲ ತೆನೆ ದೇವರಿಗೆ. ಅದನ್ನು ಯಾರೂ ಉಣ್ಣುವುದಿಲ್ಲ, ಬಿತ್ತುವುದಿಲ್ಲ, ಮನೆಗೆ ವಾಪಸು ತರುವುದಿಲ್ಲ. ಬೇರೆ ದಾರಿಯಿರಲಿಲ್ಲ, ಹರಪನಹಳ್ಳಿಯ ಬಸ್ ಹಿಡಿದೆವು.

ದೇವರ ಮನೆ ಕುರಿ ಸಾಕುವ ಹಾಲುಮತದ ಒಂದು ಕುಟುಂಬದ್ದು, ಹೊಗೆ ಹಿಡಿದ ತೊಲೆ, ತಗ್ಗು ಬಾಗಿಲು. ಅಜ್ಜಿ ಒಳಗೆ ಹೋದಳು. ನಾನು ಹೊಸಿಲ ಹೊರಗೆ ನಿಂತೆ. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ನನ್ನ ಅಜ್ಜ ಇಂಥ ಬಾಗಿಲುಗಳ ಮುಂದೆ ಇನ್ನೂ ದೂರ ನಿಲ್ಲುತ್ತಿದ್ದ. ಅವತ್ತು ಯಾರೂ ಹೊರಗೆ ನಿಲ್ಲು ಎನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಅಲ್ಲಿಂದಲೇ ಕತ್ತು ಚಾಚಿ ನೋಡಿದೆ. ತೊಲೆಗೆ ಕಟ್ಟಿದ ತೆನೆಗಳ ನಡುವೆ ಮಸಿ ಹಿಡಿದ ಒಂದು ನವಣೆಯ ಕಟ್ಟು. ಅದರಲ್ಲಿ ಹಳದಿಯದಿತ್ತು, ಕೂದಲಿನದಿತ್ತು.

ಪೂಜಾರಿ ಎಲ್ಲ ಕೇಳಿಕೊಂಡ. ಕೆಟ್ಟ ಮನುಷ್ಯನಲ್ಲ. “ನಾನ್ಯಾರು ಬೇ ಕೊಡಾಕ? ದೇವರದೈತಿ. ಹಾಲು ಕೆಟ್ಟರೂ ಹಾಲುಮತ ಕೆಡಬಾರದು ಅಂತಾರ ನಮ್ಮ ಹಿರೇರು. ಹೂ ಕೇಳೋಣು, ಆತನ ಏನ್ ಹೇಳ್ತಾನ ನೋಡೋಣು,” ಎಂದ. ದೇವರ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವಿಟ್ಟ. ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಅಜ್ಜಿ ಸೆರಗೊಡ್ಡಿ ಕೂತಳು. ನಂಬದ ನಾನೂ ಹೊಸಿಲ ಹೊರಗಿನಿಂದ ಬಲಭುಜವನ್ನೇ ನೋಡುತ್ತಿದ್ದೆ.

ಎಡದ್ದು ಬಿತ್ತು.

ಅಜ್ಜಿ ಸೆರಗು ಕೊಡವಿ, ಕೈಮುಗಿದು, ಎದ್ದು ಹೊರಗೆ ಬಂದಳು. ನನಗೆ ತಡೆಯಲಾಗಲಿಲ್ಲ. “ಒಂದು ಒದ್ದೆ ಹೂವು ಜಾರಿದ್ದಕ್ಕೆ ಬೀಜ ಬಿಟ್ಟು ಹೋಗೋದಾ ಅಜ್ಜಿ? ನಾಲ್ಕು ತೆನೆ, ಯಾರಪ್ಪಂದು ಅದು? ನಿಮ್ಮವ್ವಂದೇ ಅಲ್ವಾ?” ಎಂದು ಕೂಗಾಡಿದೆ. ಅಜ್ಜಿ ತಣ್ಣಗೆ ಹೇಳಿದಳು: “ನೀ ಕೀಳು ಅಂದಾಗ ಕಿತ್ನಿ. ಆತ ಬ್ಯಾಡ ಅಂದಾಗ ಬಿಡತೀನಿ. ಇನ್ನ ಯಾರ್ ಮಾತು ಕೇಳ್ಲಿ ಹೇಳು.” ನನಗೆ ರಾತ್ರಿ ಬಂದು ತೊಲೆಗೆ ಕೈಹಾಕುವ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ.

ಪೂಜಾರಿಯ ಹೆಂಡತಿ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು ಒಳಗೆ ಹೋಗಿ, ಉದ್ದ ಕೋಲಿಗೆ ಕಟ್ಟಿದ ಪೊರಕೆ ಹಿಡಿದು ಬಂದಳು.

“ಈಗ್ಯಾಕ ಅದು?” ಎಂದ ಗಂಡ.

“ತೊಲಿ ತುಂಬ ಜ್ಯಾಡ ಕಟ್ಟೈತಿ, ಕಾಣವಲ್ದೇನು? ದೇವರ ಮನಿ ನಾ ಗುಡಿಸ್ಲಿಲ್ಲಂದ್ರ ನೀ ಗುಡಿಸ್ತೀಯೇನು?”

ನವಣೆ ಕಟ್ಟಿದ ಜಾಗದಲ್ಲಿ ಜೇಡರ ಬಲೆ ಬಹಳ ಇತ್ತೆಂದು ಕಾಣುತ್ತದೆ. ಅಲ್ಲೇ ಹತ್ತಾರು ಸಲ ಕೋಲು ಆಡಿಸಿದಳು. ಒಂದು ತೆನೆಯೂ ಕಟ್ಟಿನಿಂದ ಬೀಳಲಿಲ್ಲ. ಕಾಳು ಮಾತ್ರ ಉದುರಿತು. ನೆಲವನ್ನು ಮೂಲೆಯಿಂದ ಮೂಲೆಗೆ ಗುಡಿಸಿ, ಕಸವನ್ನು ಮೊರದಲ್ಲಿ ತುಂಬಿಕೊಂಡು ಹೊಸಿಲಿಗೆ ಬಂದಳು. “ತೆನಿ ದೇವರದು. ಕಸ ಗುಡಿಸಿದಾಕಿದು. ದಿನಾ ಕೋಳಿಗೆ ಹಾಕತೀನಿ, ಇವತ್ತು ನಿಮಗ ಹಾಕತೀನಿ,” ಎಂದು ಮೊರವನ್ನು ಹೊಸಿಲ ಮೇಲಿಂದ ನನ್ನ ಕೈಗೇ ಕೊಟ್ಟಳು. ಪೂಜಾರಿ ಬೇರೆ ಕಡೆ ತಿರುಗಿ ಬೀಡಿ ಹಚ್ಚಿದ. ಅಜ್ಜಿ ಎಳ್ಳು, ಹುರುಳಿಯ ಗಂಟನ್ನು ಆಕೆಯ ಉಡಿಗೆ ಹಾಕಿದಳು.

ಮಸಿ, ಉಣ್ಣೆ, ಇಲಿ ಹಿಕ್ಕೆ ಎಲ್ಲ ಕೇರಿ ಜರಡಿ ಹಿಡಿದ ಮೇಲೆ ಉಳಿದದ್ದು ಚಹಾದ ಲೋಟದ ತಳ ಮುಚ್ಚುವಷ್ಟು ಕಾಳು. ಸಂಘದ ಸಂಯೋಜಕರು, ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಪರೀಕ್ಷೆ ಮಾಡಿ, ಗಟ್ಟಿ ಕಾಳು ಮಾತ್ರ ಆರಿಸಿ ಬಿತ್ತಿ ಎಂದರು. ಪುಸ್ತಕದ ಪ್ರಕಾರ ಸರಿಯಾದ ಮಾತೇ. ಜೊತೆಗೆ, ನೋಂದಣಿಯವರು ಹೊಲ ನೋಡಲು ಬರುವ ಕಾಗದ ಬಂದಿದೆ, ಈಗ ಬೆರಕೆ ಬಿತ್ತಿದರೆ ಮೂರು ವರ್ಷದ ಕೆಲಸ ನೀರುಪಾಲು ಎಂದೂ ಎಚ್ಚರಿಸಿದರು. ನಾನು ಒಂದು ದಿನ ಯೋಚಿಸಿದೆ. ನೂರು ಕಾಳಿನಲ್ಲಿ ತಡದ್ದು ಒಂದೇ ಇದ್ದು, ಅದು ಪರೀಕ್ಷೆಯ ಬಟ್ಟೆಯಲ್ಲೇ ಹೋದರೆ? ಸೊಟ್ಟ ಕಾಳು ಯಾವ ಸಂಗಡದ್ದೋ ಯಾರು ಬಲ್ಲರು? ಪರೀಕ್ಷೆ ಬೇಡ, ಆರಿಸುವುದು ಬೇಡ, ಒಂದು ಕಾಳೂ ಬಿಡದೆ ಬಿತ್ತುವುದು ಎಂದು ತೀರ್ಮಾನಿಸಿದೆ. ಅರ್ಜಿಯನ್ನು ಹಿಂತೆಗೆದುಕೊಂಡ ಪತ್ರಕ್ಕೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಕೆಳಗೆ ಕಾರಣ ಬರೆಯುವ ಜಾಗದಲ್ಲಿ ‘ಕಾರ್ಯಕರ್ತೆಯ ತಪ್ಪು’ ಎಂದು ಬರೆದು ಸಹಿ ಹಾಕಿದೆ.

ಅಜ್ಜಿಯ ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಪಕ್ಕ ಒಂದು ಮಡಿ ಮಾಡಿದೆವು. ಜರಡಿ ಹಿಡಿದ ಕುರಿಗೊಬ್ಬರ ಬೆರೆಸಿ, ಬೆರಳಲ್ಲಿ ಗೀರೆಳೆದು, ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ಗೋಣಿಚೀಲ ಹಾಸಿದೆವು. ಇರುವೆ ಮುತ್ತಬಾರದೆಂದು ಅಜ್ಜಿ ಗೂಡಿನ ಬಾಯಿಗೆ ದಿನಾ ಹಿಟ್ಟು ಹಾಕಿದಳು. “ಅವಕ್ಕೂ ಹೊಟ್ಟಿ ಐತಿ. ಅಲ್ಲೇ ಉಂಡು ಅಲ್ಲೇ ಇರ್ಲಿ.” ನಾಲ್ಕನೆಯ ದಿನ ಚೀಲ ಎತ್ತಿದರೆ ಏನಿಲ್ಲ. ಐದು, ಆರು ಕಳೆದವು. ನಾನು ಕೆಲಸಕ್ಕೆ ರಜೆ ಹಾಕಿ ಅಲ್ಲೇ ಇದ್ದೆ. ನಾಲ್ಕು ವರ್ಷ ಹೊಗೆ ಕುಡಿದ ಬೀಜ, ಸತ್ತಿರುವುದೇ ಖರೆ ಎಂದು ಮನಸ್ಸು ಕಲ್ಲು ಮಾಡಿಕೊಂಡೆ. ಏಳನೆಯ ಬೆಳಿಗ್ಗೆ ಅಜ್ಜಿ ನನ್ನನ್ನು ಎಬ್ಬಿಸಿ ಕೈಹಿಡಿದು ಕರೆದೊಯ್ದಳು. ಸೂಜಿಯಂಥ ಮೂರು ಮೊಳಕೆ. ಹತ್ತು ದಿನಕ್ಕೆ ಎಲ್ಲ ಸೇರಿ ಇಪ್ಪತ್ತಮೂರು. ಉಳಿದವು ಏಳಲೇ ಇಲ್ಲ.

ಅವನ್ನು ಕಿತ್ತು ಹೊಲದ ಮೂಲೆಗೆ ನೆಟ್ಟೆವು. ಎರಡನ್ನು ಆಡು ತಿಂದಿತು. ಪ್ರತಿ ಗಿಡಕ್ಕೂ ಮುಳ್ಳು ಕಟ್ಟಿದೆವು. ಮೊದಲು ಗಿಡ್ಡದ್ದು ತೆನೆ ಹಾಕಿತು, ಮೂರು ಗಿಡ. ಆಮೇಲೆ ಹಳದಿಯದು. ಒಂದರ ಕಾಂಡ ಕೆಂಪಗಾದಾಗ ಅಜ್ಜಿ ಅದರ ಬುಡದಲ್ಲೇ ಕೂತುಬಿಟ್ಟಳು. ಕಪ್ಪು ಕೂದಲಿನವು ಎರಡು ಬಂದವು. ಇನ್ನೂ ಒಂದು ಗಿಡ ತೆನೆಯಿಲ್ಲದೆ ಹಸಿರಾಗಿ ನಿಂತಿತ್ತು. ಅದೇ ಇರಬೇಕೆಂದು ನಾನು ವಾರಕ್ಕೆರಡು ಸಲ ಕೂಡ್ಲಿಗಿಯಿಂದ ಬಂದು ನೋಡುತ್ತಿದ್ದೆ. ಹನ್ನೆರಡು ದಿನದ ಮೇಲೆ ಅದೂ ತೆನೆ ಹಾಕಿತು. ಸೊರಗಿ ಹಿಂದೆ ಬಿದ್ದಿದ್ದ ಹಳದಿ ನವಣೆ ಅದು. ತಡದ್ದು ಬರಲಿಲ್ಲ.

ಮರುವರ್ಷ, ಅಂದರೆ ಈ ಸಲದ ಮುಂಗಾರಿಗೆ, ಬೀಜ ಕೇಳಿದವರು ನಾಲ್ಕೇ ಜನ. ಉಳಿದವರ ಹೊಲದಲ್ಲಿ ಮೆಕ್ಕೆಜೋಳ ಎದ್ದಿದೆ, ಅವರನ್ನು ನಾನು ಯಾವ ಬಾಯಲ್ಲಿ ತಡೆಯಲಿ? ಅಜ್ಜಿ ನಾಲ್ವರ ಉಡಿಗೂ ಒಂದೊಂದು ಚಿಟಿಕೆ ಹಾಕಿ, ಉಳಿದದ್ದನ್ನು ತಾನೇ ಕೈಯಿಂದ ಸಾಲಿಗೆ ಬಿಟ್ಟಳು. ಹಿಂದಿನಿಂದ ಮಣ್ಣು ಮುಚ್ಚುತ್ತ ಬಂದವಳು ನಾನು. ಕೊನೆಯ ಸಾಲಿಗೆ ಬಂದಾಗ ಅದರಲ್ಲಿ ಬೀಜವಿರಲಿಲ್ಲ. ಸಾಲು ಮಾತ್ರ ಹದವಾಗಿ ಕೊರೆದು, ಗೊಬ್ಬರ ಹಾಕಿ ಬಿಟ್ಟಿದ್ದಳು.

“ಅಜ್ಜಿ, ಈ ಸಾಲು ಮರೆತ್ರಲ್ಲ?”

“ಮರ್ತಿಲ್ಲ. ತಡದ್ದಕ್ಕ ಇಟ್ಟೀನಿ.”

“ಎಲ್ಲೈತೆ ಅಜ್ಜಿ ಅದು? ನಾನೇ ಕೀಳಿಸಿದ್ನಲ್ಲ.”

“ಕೀಳಿಸಿದಾಕಿ ನೀನೇ ಹುಡುಕಬೇಕು. ಇನ್ಯಾರ್ ಹುಡುಕತಾರ?” ಅಜ್ಜಿ ಸೆರಗಿನ ಮಣ್ಣು ಕೊಡವಿದಳು. “ಹೋಗು, ಬಸ್ಸಿನ ಹೊತ್ತಾತು.”

ನಾನು ತೊಟ್ಟಿಯಲ್ಲಿ ಕೈತೊಳೆದುಕೊಂಡು ರಸ್ತೆಯ ಕಡೆಗೆ ನಡೆದೆ.